ಮೌನ ಹಿಡಿದ ಗಣಕಯಂತ್ರ

ಯಂತ್ರವೊಂದು ಕೈಕೊಟ್ಟ ಗಳಿಗೆಯಲ್ಲಿ ಮನೆಮಂದಿಯ ಸ್ವಭಾವಗಳೆಲ್ಲ ಹೊರಬೀಳುತ್ತವೆ. ಒಬ್ಬರು ಅದರ ತಲೆಯ ಮೇಲೆ ತಟ್ಟಿ ನೋಡುತ್ತಾರೆ. ಇನ್ನೊಬ್ಬರು ಕಾಲ ಕೆಟ್ಟಿತೆಂದು ನಿಟ್ಟುಸಿರಿಡುತ್ತಾರೆ. ಮತ್ತೊಬ್ಬರು ಅದನ್ನು ಎಸೆದು ಹೊಸದನ್ನು ತನ್ನಿರೆನ್ನುತ್ತಾರೆ. ಎಲ್ಲಿ ಕೆಟ್ಟಿದೆಯೆಂದು ಕ್ರಮವಾಗಿ ಕೇಳುವವರು ಮಾತ್ರ ವಿರಳ. ಹಾಗೆ ಕೇಳುವುದೂ ಒಂದು ವಿದ್ಯೆಯೆಂಬುದನ್ನು ನಮಗೆ ಕಲಿಸಿದುದು ಪೆರಂಬೂರಿನ ನಮ್ಮ ಮನೆಯ ಗಣಕಯಂತ್ರ. ಆ ವೃತ್ತಾಂತವನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಯಂತ್ರವನ್ನು ನಾವು ಅಂಗಡಿಯಿಂದ ಇಡಿಯಾಗಿ ತಂದುದಲ್ಲ. ಮೌಂಟ್ ರೋಡಿನ ಮಗ್ಗುಲಲ್ಲಿರುವ ರಿಚಿ ಸ್ಟ್ರೀಟನ್ನು ಈ ನಗರದಲ್ಲಿ ಅರಿಯದವರಾರು? ಅಲ್ಲಿಯ ಇಕ್ಕಟ್ಟಾದ ಅಂಗಡಿಗಳಲ್ಲಿ ನಾವೂ ಅಕ್ಕನೂ ಹಲವು ಶನಿವಾರ ಅಲೆದು, ಬೆಲೆ ಕೇಳಿ, ಚೌಕಾಸಿ ಮಾಡಿ, ಒಂದೊಂದೇ ಭಾಗವನ್ನು ಕೂಡಿಸಿದೆವು. ಮದರ್‌ಬೋರ್ಡು, ಪ್ರಾಸೆಸರು, ರ‍್ಯಾಮು, ವಿದ್ಯುತ್ತನ್ನು ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆ, ಇವು ಹೊಸವು. ಹೊರಗಿನ ಕ್ಯಾಬಿನೆಟ್ಟೂ ಮಾನಿಟರೂ ಹಳೆಯವು. ಒಟ್ಟು 19,000 ರೂಪಾಯಿ ವೆಚ್ಚವಾಯಿತು. ಅದು ಸೋರುತ್ತಿದ್ದ ತಾರಸಿಯ ದುರಸ್ತಿಗೆಂದು ಅಪ್ಪ ಕೂಡಿಟ್ಟಿದ್ದ ಹಣ. ಬಿ.ಕಾಂ. ಮುಗಿಸಿದ್ದ ಅಕ್ಕನಿಗೆ ಕಚೇರಿಯೊಂದರಿಂದ ಕರೆ ಬರುವ ನಿರೀಕ್ಷೆಯಿತ್ತು. ಅಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆದು ತೋರಿಸಬೇಕು. ಅದಕ್ಕೆ ಮನೆಯಲ್ಲಿ ಅಭ್ಯಾಸ ಬೇಕು. ಆದಕಾರಣ ತಾರಸಿ ಇನ್ನೊಂದು ಮಳೆಗಾಲ ತಾಳಲೆಂದು ಅಪ್ಪ ನಿಶ್ಚಯಿಸಿದರು.

2024ರ ನವೆಂಬರ್ ತಿಂಗಳು. ಈಶಾನ್ಯ ಮಾರುತದ ಮಳೆ ಹಿಡಿದಿತ್ತು. ಗೋಡೆ, ಪುಸ್ತಕ, ಬಟ್ಟೆ ಎಲ್ಲವೂ ತೇವ. ಒಂದು ಬೆಳಗ್ಗೆ ಅಕ್ಕ ಗುಂಡಿಯೊತ್ತಿದಳು. ಯಂತ್ರ ಉಸಿರೆತ್ತಲಿಲ್ಲ. ಫ್ಯಾನು ತಿರುಗಲಿಲ್ಲ, ದೀಪ ಮಿನುಗಲಿಲ್ಲ. ಪರೀಕ್ಷೆಗೆ ಎಂಟೇ ದಿನ ಉಳಿದಿತ್ತು. ದುರಸ್ತಿ ಮಾಡುವವರೊಬ್ಬರು ಬಂದು, ಎರಡು ಸಲ ಗುಂಡಿಯೊತ್ತಿ, "ಮದರ್‌ಬೋರ್ಡು ಹೋಗಿದೆ, ಆರೂವರೆ ಸಾವಿರವಾದೀತು" ಎಂದು ಹೇಳಿ ಹೋದರು. ಅಮ್ಮ ಮಾತಾಡದೆ ಬೀರುವಿನ ಕಡೆಗೆ ನೋಡಿದರು. ಆ ನೋಟದ ಅರ್ಥ ಎಲ್ಲರಿಗೂ ತಿಳಿಯಿತು; ಬೀರುವಿನಲ್ಲಿದ್ದುದು ಅವರ ಎರಡು ಬಳೆ. ಅಪ್ಪ ಮಾತ್ರ, "ಸಾಬೀತಾಗದ ತಪ್ಪಿಗೆ ದಂಡ ಕಟ್ಟುವುದು ಬೇಡ. ಒಂದು ದಿನ ತಾಳೋಣ" ಎಂದರು.

ನಮ್ಮ ನೆರೆಮನೆಯಲ್ಲಿ ಕೋಲಾರದ ಕಡೆಯ ತಾತನವರೊಬ್ಬರಿದ್ದಾರೆ. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ವಿದ್ಯುತ್ ವಿಭಾಗದ ಕೆಲಸ ಮಾಡಿ ನಿವೃತ್ತರಾದವರು. 1955ರ ಅಕ್ಟೋಬರ್ 2ರಂದು ನೆಹರೂ ಅವರಿಂದ ಉದ್ಘಾಟನೆಗೊಂಡ ಆ ಕಾರ್ಖಾನೆಯೇ 2018ರಲ್ಲಿ ಮೊದಲ ವಂದೇ ಭಾರತ್ ರೈಲನ್ನು ನಿರ್ಮಿಸಿದುದು. ತಾತನವರಿಗೆ ಗಣಕಯಂತ್ರದ ಪರಿಚಯ ಹೆಚ್ಚಿಲ್ಲ. ಆದರೂ ನಮ್ಮ ಮಾತನ್ನೆಲ್ಲ ಕೇಳಿ, "ಮಗೂ, ಬೋಗಿಯಲ್ಲಿ ದೀಪ ಹತ್ತದಿದ್ದರೆ ನಾವೇನು ಬೋಗಿಯನ್ನೇ ಬದಲಾಯಿಸುತ್ತಿದ್ದೆವೆ? ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ, ಅಷ್ಟು ನೋಡು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರವನ್ನು ಬರೆದಿಡು" ಎಂದರು.

ಅಂತೆಯೇ ನಾವು ನೋಟ್‌ಬುಕ್ಕೊಂದನ್ನು ತೆರೆದೆವು. ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ತಿದೆಯೆ? ಅದೇ ಪ್ಲಗ್ಗಿಗೆ ಮೇಜಿನ ದೀಪವನ್ನು ಹಾಕಿದೆವು, ಹತ್ತಿತು. ತಂತಿ ಕೆಟ್ಟಿದೆಯೆ? ಮಾನಿಟರಿನ ತಂತಿಯೂ ಅದೇ ಜಾತಿಯದಾದುದರಿಂದ ಅದನ್ನು ಜೋಡಿಸಿದೆವು; ಫಲವಿಲ್ಲ. ಎಸ್.ಎಂ.ಪಿ.ಎಸ್. ಹಿಂದಿನ ಚಿಕ್ಕ ಸ್ವಿಚ್ಚು ಸೊನ್ನೆಯ ಕಡೆಗಿದೆಯೆ, ಗೆರೆಯ ಕಡೆಗಿದೆಯೆ? ಗೆರೆಯ ಕಡೆಗೇ ಇತ್ತು. ತರುವಾಯ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ ನೋಡಲಾಗಿ, ಮದರ್‌ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪವೊಂದು ಬೆಳಗುತ್ತಿತ್ತು! ಯಂತ್ರ ಮಲಗಿರುವಾಗಲೂ ಎಸ್.ಎಂ.ಪಿ.ಎಸ್. ಪೆಟ್ಟಿಗೆಯು 5 ವೋಲ್ಟ್ ವಿದ್ಯುತ್ತನ್ನು ಒಳಗೆ ಕಳುಹಿಸುತ್ತಿರುತ್ತದೆ. ಆ ದೀಪ ಅದರ ಗುರುತು. ಅಲ್ಲಿಗೆ ವಿದ್ಯುತ್ತು ಮದರ್‌ಬೋರ್ಡಿನವರೆಗೆ ಬಂದಿದೆಯೆಂದಾಯಿತು. ಗೋಡೆಯ ಪ್ಲಗ್ಗನ್ನು ಕಿತ್ತು, 24 ಕಡ್ಡಿಗಳ ದೊಡ್ಡ ಪ್ಲಗ್ಗನ್ನೂ ಪ್ರಾಸೆಸರಿನ ಪ್ರತ್ಯೇಕ ಪ್ಲಗ್ಗನ್ನೂ ಬಿಡಿಸಿ ಮತ್ತೆ ಬಿಗಿಯಾಗಿ ಕೂರಿಸಿದೆವು. ಯಂತ್ರ ಮತ್ತೆಯೂ ಮೌನಿಯೆ.

ಉಳಿದುದು ಗುಂಡಿಯೊಂದೆ. ನಾವು ಒತ್ತುವ ಈ ಗುಂಡಿಯು ಗೋಡೆಯ ಸ್ವಿಚ್ಚಿನಂತೆ ನೇರವಾಗಿ ವಿದ್ಯುತ್ತನ್ನು ಹರಿಯಬಿಡುವುದಲ್ಲ. ಬಾಗಿಲ ಗಂಟೆಯಂತೆ ಒಳಗಿನವರಿಗೆ ಸೂಚನೆ ಕೊಡುವುದಷ್ಟೆ ಅದರ ಕೆಲಸ. ಗಂಟೆ ಕೆಟ್ಟರೆ ಒಳಗಿನವರು ಎಚ್ಚರವಾಗಿದ್ದರೂ ಬಾಗಿಲು ತೆರೆಯದು. ಗುಂಡಿಯಿಂದ ಬರುವ ಎರಡು ಎಳೆಯ ತಂತಿ ಮದರ್‌ಬೋರ್ಡಿನ ಎರಡು ಕಡ್ಡಿಗಳಿಗೆ ಕೂಡುತ್ತದೆ. ಆ ತಂತಿಯನ್ನು ತೆಗೆದು, ಬೋರ್ಡಿನ ಕೈಪಿಡಿಯಲ್ಲಿ ಆ ಕಡ್ಡಿಗಳನ್ನು ಎರಡೆರಡು ಬಾರಿ ಗುರುತಿಸಿಕೊಂಡು, ತಾತನವರ ಎದುರಿನಲ್ಲಿಯೇ, ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಒಮ್ಮೆ ಕ್ಷಣಕಾಲ ಮುಟ್ಟಿಸಿದೆವು. ಫ್ಯಾನು ಗಿರ್ರೆಂದಿತು! ಯಂತ್ರ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು ಪರದೆಯ ಮೇಲೆ ಅಕ್ಷರ ಮೂಡಿಸಿತು. ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಹಳೆಯ ಕ್ಯಾಬಿನೆಟ್ಟಿನ ಗುಂಡಿಯೊಳಗಿನ ತಗಡು ಕಿಲುಬು ಹಿಡಿದಿತ್ತು, ಅದೊಂದೇ ದೋಷ. ಹೊಸ ಗುಂಡಿಯೂ ಬೇಕಾಗಲಿಲ್ಲ. ಪಕ್ಕದಲ್ಲಿಯೇ ಇದ್ದ ರೀಸೆಟ್ ಗುಂಡಿಯೂ ಅದೇ ಬಗೆಯದು. ಅದರ ತಂತಿಯನ್ನು ತಂದು ಈ ಕಡ್ಡಿಗಳಿಗೆ ಸಿಕ್ಕಿಸಿದೆವು. ಇಂದಿಗೂ ನಮ್ಮ ಯಂತ್ರ ಆ ಚಿಕ್ಕ ಗುಂಡಿಯಿಂದಲೇ ಏಳುತ್ತದೆ. ಆರೂವರೆ ಸಾವಿರದ ರೋಗಕ್ಕೆ ಕಾಸಿಲ್ಲದ ಮದ್ದು!

ಗಣಕಯಂತ್ರದ ಮೌನ ಒಂದೇ ಬಗೆಯದಲ್ಲ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲು ಮಾನಿಟರಿನ ತಂತಿಯನ್ನು, ಆಮೇಲೆ ರ‍್ಯಾಮನ್ನು ನೋಡತಕ್ಕದ್ದು. ಅದನ್ನು ತೆಗೆದು ಕೊಂಡಿ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ದಿನಾಂಕವನ್ನು ಪದೇ ಪದೇ ಮರೆಯುವ ಯಂತ್ರಕ್ಕೆ ನಾಣ್ಯದಂತಹ 3 ವೋಲ್ಟಿನ ಬ್ಯಾಟರಿಯನ್ನು ಬದಲಾಯಿಸಿ ನೋಡಬೇಕು. ಏನನ್ನೇ ಬಿಡಿಸುವ ಮುನ್ನ ಪ್ಲಗ್ಗನ್ನು ಕೀಳಬೇಕು. ಮೈಯ ಸ್ಥಿರವಿದ್ಯುತ್ತು ಹೋಗಲೆಂದು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಬೇಕು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನಂತೂ ಎಂದಿಗೂ ಬಿಚ್ಚಕೂಡದು; ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ನಿಂತಿರಬಹುದು. ಚಿಕ್ಕವರು ಹಿರಿಯರಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಅಕ್ಕ ಪರೀಕ್ಷೆ ಕೊಟ್ಟು ಆ ಕಚೇರಿಯಲ್ಲಿಯೇ ಕೆಲಸಕ್ಕೆ ಸೇರಿದಳು. ಮುಂದಿನ ಬೇಸಿಗೆಯಲ್ಲಿ ತಾರಸಿಯ ದುರಸ್ತಿ ಅವಳ ಸಂಬಳದಿಂದ ನಡೆಯಿತು. ನಮಗೆ ಉಳಿದ ಲಾಭ ಬೇರೆ. ಲೆಕ್ಕದ ಉತ್ತರ ತಪ್ಪಿದಾಗ ಪುಟವನ್ನೆಲ್ಲ ಅಳಿಸುವುದರ ಬದಲು, ಎಷ್ಟನೆಯ ಸಾಲಿನವರೆಗೆ ಸರಿಯಾಗಿದೆಯೆಂದು ನೋಡುವುದು ಈಗ ನಮಗೆ ರೂಢಿಯಾಗಿದೆ. ಗೆಳೆಯರೊಬ್ಬರು ಮುನಿಸಿಕೊಂಡಾಗಲೂ ಹಾಗೆಯೇ; ನಿನ್ನೆಯವರೆಗೆ ಎಲ್ಲ ನೆಟ್ಟಗಿತ್ತಲ್ಲ, ಯಾವ ಮಾತಿನಲ್ಲಿ ತಡೆಯಿತೆಂದು ಹುಡುಕಿದರೆ ದಾರಿ ಸಿಗುತ್ತದೆ. ಕೆಟ್ಟುದೆಂದು ಕೈಬಿಟ್ಟ ವಸ್ತುಗಳಲ್ಲಿ ಬಹುಪಾಲು ನೆಟ್ಟಗೇ ಇರುತ್ತದೆ. ತಡೆದಿರುವುದು ಎಲ್ಲಿಯೋ ಒಂದೆಡೆ ಮಾತ್ರ. ಅದನ್ನು ಕಾಣುವ ತಾಳ್ಮೆ ನಮ್ಮೆಲ್ಲರಿಗೂ ದೊರೆಯಲಿ.