ಅಸ್ಥಿಚ್ಛಾಯೆ

ಶರೀರದ ಒಳಗನ್ನು ಅರಿಯಬಯಸುವವನು ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಲಾವಂಚದ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಪದರಪದರವಾಗಿ ಕಣ್ಣಾರೆ ಕಾಣಬೇಕೆಂದು ಸುಶ್ರುತನು ವಿಧಿಸಿದನು. ಪ್ರಾಣವಿರುವ ದೇಹದಲ್ಲಿ ಅದನ್ನು ಕಾಣುವ ಬಗೆ ಮಾತ್ರ ಬಹುಕಾಲ ದೊರೆಯಲಿಲ್ಲ.

1895ನೆಯ ಇಸವಿ ಡಿಸೆಂಬರ್ 22ರಂದು ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್‌ಜೆನ್ ಪಂಡಿತನು ತನ್ನ ಪತ್ನಿಯ ಕೈಯನ್ನು ಛಾಯಾಫಲಕದ ಮೇಲಿರಿಸಿ, ತಾನು ಹೊಸತಾಗಿ ಕಂಡ ಕ್ಷ-ಕಿರಣಗಳನ್ನು ಸುಮಾರು ಕಾಲು ಗಂಟೆ ಹಾಯಿಸಿದನು. ಎಲುಬುಗಳು ಮೂಡಿದುವು, ಬೆರಳೆಲುಬಿನ ಸುತ್ತ ಕರಿಯದೊಂದು ಉಂಗುರ. ಆಕೆ ಬೆದರಿದಳಂತೆ. ಬೆದರದವರಾರು? ಬದುಕಿರುವಾಗಲೇ ತನ್ನ ಕಂಕಾಲವನ್ನು ಕಂಡಳಲ್ಲವೆ!

ಆದರೂ ಅದು ನೆರಳೇ. ಹಿಂದಿನದೂ ಮುಂದಿನದೂ ಒಂದರ ಮೇಲೊಂದು ಬಿದ್ದ ನೆರಳು. ಸುಶ್ರುತನ ಕುಂಚವನ್ನು ಹಿಡಿದು ಕಲಿತ ಕಣ್ಣಿಗಲ್ಲದೆ ಅದು ತಿಳಿಯದು. ಇನ್ನು, ಆ ಉಂಗುರವೊಂದು ಇಲ್ಲದಿದ್ದರೆ ಆ ಕೈ ಯಾರದೆಂದು ಪತಿಯೂ ಗುರುತಿಸುತ್ತಿರಲಿಲ್ಲವೇನೋ.