ಬೀದರ್‌ನ ಆಕಾಶ, ನೆಲದ ಮೇಲಿನ ಕೈಗಳು

ಬೀದರ್ ಕೋಟೆ ನೋಡ್ತಾ ಇರುವಾಗ ತಲೆ ಮೇಲೆ ಗುಡುಗಿದಂಗಾದ್ರೆ ಮೋಡ ಹುಡುಕಬೇಡಿ. ಅದು ವಾಯುಪಡೆಯ ಜೆಟ್ ಇರಬಹುದು. ‘ಸೂರ್ಯಕಿರಣ್’ ತಂಡದ ತವರು ಇದೇ ಊರು. 1996ರಲ್ಲಿ ಕಿರಣ್ ವಿಮಾನಗಳೊಂದಿಗೆ ಶುರುವಾದ ತಂಡ 2015ರಿಂದ ಹಾರಿಸ್ತಿರೋದು ಹಾಕ್.

ಒಂಬತ್ತು ಜೆಟ್‌ಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವಾಗ ಚಪ್ಪಾಳೆಯೆಲ್ಲ ಪೈಲಟ್‌ಗಳಿಗೆ. ನೆಲದ ಮೇಲಿನ ಟೆಕ್ನಿಷಿಯನ್‌ಗೆ ಮಾತ್ರ ಎದೆ ಡವಡವ. ಟೈರ್, ಹೈಡ್ರಾಲಿಕ್ ಸೋರಿಕೆ, ಎಂಜಿನ್‌ಗೆ ಗಾಳಿ ಹೋಗುವ ಬಾಯಿ ಎಲ್ಲ ನೋಡಿ, ಕೆಂಪು ಪಟ್ಟಿಯ ಪಿನ್‌ಗಳನ್ನು ತೆಗೆದು ಎಣಿಸೋದು ಇವರೇ. ಫಾರ್ಮ್ 700ರಲ್ಲಿ ಇವರ ಸಹಿ ಬಿದ್ದ ಮೇಲೇ ಪೈಲಟ್ ಸಹಿ. ಒಂದು ಸಣ್ಣ ಕಲ್ಲು, ಮರೆತ ಒಂದು ಸ್ಪ್ಯಾನರ್ ಸಾಕು ಎಂಜಿನ್ ಹಾಳಾಗೋಕೆ. ಅದಕ್ಕೇ ಪ್ರತಿ ಟೂಲ್‌ಗೂ ಲೆಕ್ಕ.

2019ರ ಫೆಬ್ರುವರಿಯಲ್ಲಿ, ಏರೋ ಇಂಡಿಯಾದ ಹಿಂದಿನ ದಿನ, ಯಲಹಂಕದಲ್ಲಿ ತಂಡದ ಎರಡು ಹಾಕ್‌ಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ತಂಡ ಮತ್ತೆ ಹಾರಿತು. ಅದಕ್ಕೂ ಮೊದಲು ನೆಲದಲ್ಲಿ ಅದೇ ತಪಾಸಣೆ, ಅದೇ ಸಹಿ.

ಬಿದ್ರಿಗೆ ಕಪ್ಪು ಮೆರುಗು ಬರೋದು ಕೋಟೆಯ ಮಣ್ಣಿನಿಂದ. ಆಕಾಶದ ಆಟ ನಿಂತಿರೋದೂ ನೆಲದವರ ಮೇಲಿನ ನಂಬಿಕೆಯಿಂದ. ಮುಂದಿನ ಸಲ ಏರ್ ಶೋಗೆ ಹೋದ್ರೆ, ಮೊಬೈಲ್ ಮೇಲಕ್ಕೆ ಎತ್ತುವ ಮುಂಚೆ ವಿಮಾನದ ಪಕ್ಕ ನಿಂತವರನ್ನೂ ಒಮ್ಮೆ ನೋಡಿ.