ಕ್ಯಾಸೆಟ್ಟಿನ ಕಛೇರಿ ಕಂಪ್ಯೂಟರಿಗೆ ಬಂದಾಗ

ಸಂಗೀತದ ಹುಚ್ಚಿರುವ ಮನೆಗಳಲ್ಲಿ ಯಂತ್ರದ ಹುಚ್ಚೂ ಇರುವುದು ಹೊಸದೇನಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದ ಮೇಲೆ, ರೇಡಿಯೊ ಮುಂದೆ ಕೂತು ಕೇಳುತ್ತಿದ್ದವರು ರೆಕಾರ್ಡ್ ಮಾಡಿಕೊಳ್ಳುವವರೂ ಆದರು. ಆಕಾಶವಾಣಿಯ ರಾತ್ರಿ ಕಛೇರಿಗಳು, ಬೆಂಗಳೂರಿನ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಉತ್ಸವ, ಮದುವೆಮನೆಯ ವಾಲಗ, ಎಲ್ಲವೂ ತೊಂಬತ್ತು ನಿಮಿಷದ ಟೇಪಿಗೆ ಇಳಿದವು. ಒಂದು ಮಗ್ಗುಲಿಗೆ ನಲವತ್ತೈದೇ ನಿಮಿಷ. ಆದ್ದರಿಂದ ಎಷ್ಟೋ ಒಳ್ಳೆಯ ತನಿ ಆವರ್ತನಗಳು ಕ್ಯಾಸೆಟ್ ತಿರುಗಿಸುವ ಗಡಿಬಿಡಿಯಲ್ಲಿ ಕತ್ತರಿಸಿಹೋಗಿವೆ. ಅದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ.

ಈ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವುದು ಈಗ ಮನೆಯಲ್ಲೇ ಆಗುವ ಕೆಲಸ. ಡೆಕ್ಕಿನಿಂದ ಒಂದು ವೈರು, ಕಂಪ್ಯೂಟರಿನಲ್ಲಿ ಅಡಾಸಿಟಿ ಇದ್ದರೆ ಸಾಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಹುಟ್ಟಿದ ಈ ಸಾಫ್ಟ್‌ವೇರಿಗೆ ಕಾಸು ಕೊಡಬೇಕಾಗಿಲ್ಲ. ಸಿ.ಡಿ.ಯ ಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿಕೊಂಡರೆ ಒಂದು ಕ್ಯಾಸೆಟ್ಟು ಸುಮಾರು 950 ಎಂ.ಬಿ. ಜಾಗ ಹಿಡಿಯುತ್ತದೆ. ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ, ಒಂದು ಸ್ವರಾಂಶವೂ ಕಳೆಯದೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಪಿ3 ಇನ್ನೂ ಚಿಕ್ಕದು. ಆದರೆ ಕಿವಿಗೆ ಬೇಡವೆಂದು ತಾನೇ ತೀರ್ಮಾನಿಸಿದ್ದನ್ನು ಅದು ಬಿಸಾಡುತ್ತದೆ. ಮೂಲಪ್ರತಿಗೆ ಅದು ತಕ್ಕದ್ದಲ್ಲ.

ಉತ್ಸಾಹಿಗಳು ಎಡವುವುದು ಶುದ್ಧಿಕಾರ್ಯದಲ್ಲಿ. ಟೇಪಿನ ‘ಸುಯ್’ ಸದ್ದನ್ನು ತೆಗೆಯಲು ಅಡಾಸಿಟಿ ಮೊದಲು ಒಂದು ತುಣುಕು ಕೇಳುತ್ತದೆ: ಬರೀ ಗದ್ದಲವಿರುವ, ಸಂಗೀತವಿಲ್ಲದ ತುಣುಕು. ಪಾಪ್ ಹಾಡಿನಲ್ಲಿ ಅಂಥದ್ದು ಸುಲಭವಾಗಿ ಸಿಗುತ್ತದೆ. ನಮ್ಮ ಕಛೇರಿಯಲ್ಲಿ ಗಾಯಕರು ಸುಮ್ಮನಿದ್ದರೂ ತಂಬೂರಿ ಸುಮ್ಮನಿರುವುದಿಲ್ಲ. ಆಲಾಪನೆಗೆ ಮುಂಚಿನ ‘ಮೌನ’ವನ್ನು ಆರಿಸಿ ಕೊಟ್ಟರೆ ಯಂತ್ರ ತಂಬೂರಿಯನ್ನೇ ಗದ್ದಲವೆಂದು ತಿಳಿದು ಅಳಿಸತೊಡಗುತ್ತದೆ, ಜೀವಾಳದಿಂದ ಬರುವ ಝೇಂಕಾರ ಹೋಗಿ, ಗಾಯನ ನೀರಿನೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಕಛೇರಿ ಶುರುವಾಗುವ ಮುಂಚಿನ ಖಾಲಿ ಟೇಪು ಒಂದೆರಡು ಸೆಕೆಂಡು ಸಿಕ್ಕಿದರೆ ಅದೃಷ್ಟ. ಸಿಗದಿದ್ದರೆ ‘ಸುಯ್’ ಸದ್ದನ್ನು ಹಾಗೇ ಬಿಡುವುದೇ ಲೇಸು, ಕಿವಿ ಅದಕ್ಕೆ ಐದು ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ.

ಶ್ರುತಿಯದು ಇನ್ನೊಂದು ಕಥೆ. ಡೆಕ್ಕಿನ ವೇಗ ನೂರಕ್ಕೆ ಆರರಷ್ಟು ತಪ್ಪಿದರೆ ಶ್ರುತಿ ಒಂದು ಅರೆಸ್ವರದಷ್ಟು ಸರಿಯುತ್ತದೆ. ಬ್ಯಾಟರಿ ಸೋಲುತ್ತಿದ್ದಾಗ ರೆಕಾರ್ಡ್ ಮಾಡಿದ ಟೇಪು ಇನ್ನೂ ವಿಚಿತ್ರ: ಆಗ ಮೋಟಾರು ನಿಧಾನವಾಗಿ ತಿರುಗಿದ್ದರಿಂದ, ಈಗ ಸರಿಯಾದ ವೇಗದಲ್ಲಿ ಕೇಳುವಾಗ ಮಂಗಳದ ಹೊತ್ತಿಗೆ ವಿದ್ವಾಂಸರ ಕಂಠ ಮಗುವಿನ ಕಂಠವಾಗುತ್ತ ಬಂದಿರುತ್ತದೆ. ವೇಗ ಬದಲಿಸುವ ಸೌಲಭ್ಯದಿಂದ ಇದನ್ನು ಸರಿಪಡಿಸಬಹುದು. ಇಲ್ಲಿ ಮಾತ್ರ ಸಾಫ್ಟ್‌ವೇರು ನಿಜಕ್ಕೂ ಪವಾಡವನ್ನೇ ಮಾಡುತ್ತದೆ.

ಆಮೇಲೆ ಹೆಸರಿಡುವ ಕೆಲಸ. ಹಾಡಿನ ಕಡತಕ್ಕೆ ವಿವರ ಅಂಟಿಸುವ ಐಡಿ3 ಪದ್ಧತಿ 1996ರಲ್ಲಿ ಬಂದಾಗ ಹಾಡಿನ ಹೆಸರಿಗೆ, ಗಾಯಕರಿಗೆ, ಆಲ್ಬಮಿಗೆ ತಲಾ ಮೂವತ್ತೇ ಅಕ್ಷರಗಳ ಜಾಗವಿತ್ತು, ಅದೂ ರೋಮನ್ ಲಿಪಿಯಲ್ಲಿ. ಸಂಗೀತದ ಪ್ರಕಾರಗಳ ಪಟ್ಟಿಯಲ್ಲಿ ಬ್ಲೂಸ್, ಜಾಝ್, ರಾಕ್ ಎಲ್ಲ ಇದ್ದವು. ಕರ್ನಾಟಕ ಸಂಗೀತವೂ ಇರಲಿಲ್ಲ, ಹಿಂದೂಸ್ತಾನಿಯೂ ಇರಲಿಲ್ಲ. ‘ಎಥ್ನಿಕ್’ ಎಂಬ ಒಂದು ಮೂಲೆ ಇತ್ತು. ತ್ಯಾಗರಾಜರೂ ಪುರಂದರದಾಸರೂ ಅಲ್ಲಿಗೇ ಹೋಗಬೇಕಿತ್ತು. ಪಕ್ಕವಾದ್ಯದವರಿಗಂತೂ ಸ್ಥಳವೇ ಇರಲಿಲ್ಲ. ಫ್ಲ್ಯಾಕ್ ಈ ವಿಷಯದಲ್ಲಿ ಉದಾರಿ. ರಾಗ, ತಾಳ, ವಾಗ್ಗೇಯಕಾರ, ಪಿಟೀಲು, ಮೃದಂಗ, ಘಟ ಎಂದು ಬೇಕಾದ ಖಾನೆಗಳನ್ನು ಬಳಸುವವರೇ ಸೃಷ್ಟಿಸಿಕೊಳ್ಳಬಹುದು, ಕನ್ನಡದಲ್ಲೇ ತುಂಬಬಹುದು. ಆದರೂ ಎಚ್ಚರ ಬೇಕು. ‘ತೋಡಿ’ ಎಂದಷ್ಟೇ ಬರೆದಿಟ್ಟರೆ ಧಾರವಾಡದ ಗಾಯಕರ ತೋಡಿಯೂ ಮೈಸೂರಿನ ವೈಣಿಕರ ತೋಡಿಯೂ ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ಹಿಂದೂಸ್ತಾನಿ ತೋಡಿಗೆ ಹತ್ತಿರವಿರುವುದು ಕರ್ನಾಟಕ ಸಂಗೀತದ ಶುಭಪಂತುವರಾಳಿ, ತೋಡಿಯಲ್ಲ.

ಕೇಳುವ ವ್ಯವಸ್ಥೆಗೆ ದೊಡ್ಡ ಖರ್ಚೇನೂ ಇಲ್ಲ. 2012ರಲ್ಲಿ ಬಂದ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಹಾರ್ಡ್‌ಡಿಸ್ಕ್ ಜೋಡಿಸಿ ವೈಫೈಗೆ ಕೊಟ್ಟರೆ ಅಡುಗೆಮನೆಯ ಸ್ಪೀಕರಿನಲ್ಲೂ ಮಹಡಿಯ ಕೋಣೆಯಲ್ಲೂ ಇಡೀ ಸಂಗ್ರಹ ಕೇಳಸಿಗುತ್ತದೆ. ಡಿಸ್ಕಿನ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ ಇರಬೇಕು.

ಯಂತ್ರ ನಾಳೆಯೂ ಸಿಗುತ್ತದೆ, ನಾಳೆ ಇನ್ನೂ ಅಗ್ಗಕ್ಕೇ ಸಿಕ್ಕೀತು. ಲೇಬಲ್ಲು ಕಿತ್ತುಹೋದ ಟೇಪನ್ನು ಎರಡು ನಿಮಿಷ ಕೇಳಿ ಮೃದಂಗ ಯಾರದೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಮೊದಲು ಅವರನ್ನು ಕೂರಿಸಿಕೊಂಡು ಹೆಸರು ಬರೆದುಕೊಳ್ಳಿ. ಟೇಪು ಏರಿಸುವುದು ಆಮೇಲಾದರೂ ಆದೀತು.